ಹನ್ನೆರಡು ಬ್ಲೌಸ್ ಪೀಸು, ನಾಲ್ಕು ಕೋಣೆಯ ಹೃದಯ

ಇದನ್ನು ನೀವು ನಂಬುವುದಿಲ್ಲ. ಪರವಾಗಿಲ್ಲ, ನನಗೆ ಅಭ್ಯಾಸವಾಗಿದೆ. ನಮ್ಮ ಕ್ಲಾಸಿನಲ್ಲಿ ಒಬ್ಬರೂ ನಂಬಲಿಲ್ಲ. ಅರಸೀಕೆರೆ ಸ್ಟೇಷನ್ನಿನಲ್ಲಿ ಇಡ್ಲಿ ವಡೆ ಮಾರುವ ಶಿವಣ್ಣ ಪೂರ್ತಿ ಕಥೆ ಕೇಳಿಸಿಕೊಂಡು, "ಅಂದ್ರೆ ಅಮೆರಿಕಾದಲ್ಲಿ ನಮ್ ಜಂಕ್ಷನ್ ಕಟ್ಟಿ ಬಂದೆ. ಅಲ್ಲಾದ್ರೂ ಮೂರ್ನೇ ಪ್ಲಾಟ್‌ಫಾರ್ಮಿಗೆ ಫ್ಯಾನ್ ಹಾಕ್ಸಿದ್ಯೇನವ್ವಾ?" ಎಂದು ಕೇಳಿದ.

ಫ್ಯಾನ್ ಹಾಕಿಸಿರಲಿಲ್ಲ. ಆದರೆ ಜಂಕ್ಷನ್ ಕಟ್ಟಿದ್ದು ನಿಜ. ಅದು ಒಂದು ಹೃದಯದೊಳಗೆ ಇತ್ತು. ಹೃದಯ ಒಂದು ಗ್ಯಾರೇಜಿನೊಳಗೆ ಇತ್ತು. ಗ್ಯಾರೇಜು ಸಿಯಾಟಲ್ ಹತ್ತಿರದ ಸಮಾಮಿಶ್ ಎಂಬ ಊರಿನಲ್ಲಿತ್ತು. ಅಲ್ಲಿ ಓಡಾಡಿದ ರೈಲುಗಳೆಲ್ಲ ನಮ್ಮಮ್ಮನ ಬ್ಲೌಸ್ ಪೀಸು ಹೊದ್ದುಕೊಂಡಿದ್ದವು.

ನಾನು ಪೂರ್ವಿ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ ಫಲಿತಾಂಶಕ್ಕೆ ಕಾಯುತ್ತಿದ್ದೆ. ಅಷ್ಟರಲ್ಲಿ ಸಮಾಮಿಶ್‌ನಲ್ಲಿರುವ ಸುಮಾ ಚಿಕ್ಕಮ್ಮ, ಅಂದರೆ ಅಮ್ಮನ ತಂಗಿ, ಮಗಳಿಗೆ ಮಂಜುಗಡ್ಡೆಯ ಮೇಲೆ ಜಾರುವುದನ್ನು ಕಲಿಸಲು ಹೋಗಿ ತಾನೇ ಜಾರಿ ಕಾಲು ಮುರಿದುಕೊಂಡಳು. ಅಡುಗೆಗೆ ಅಕ್ಕ ಬೇಕು ಎಂದಳು. ಅಕ್ಕನಿಗೆ ಇಂಗ್ಲಿಷ್ ಮಾತಾಡಲು ನಾನು ಬೇಕು ಎಂದು ನಾನೇ ಹೇಳಿದೆ. ಹೀಗೆ ಒಂದು ಮೂಳೆ ಮುರಿದದ್ದರಿಂದ ನಾನು ಭೂಮಿಯ ಆ ಕಡೆಗೆ ಹೋಗಿ ಬಿದ್ದೆ.

ವಿಮಾನ ನಿಲ್ದಾಣ

ನಮ್ಮ ಪೆಟ್ಟಿಗೆಯನ್ನು ತೆರೆಸಿದರು. ಅಧಿಕಾರಿ ಕೈಗವಸು ಹಾಕಿಕೊಂಡು ಚಟ್ನಿಪುಡಿಯನ್ನು ಬಾಂಬಿನಂತೆ ಪಕ್ಕಕ್ಕಿಟ್ಟ. ಅದರ ಕೆಳಗೆ ಹನ್ನೆರಡು ಬ್ಲೌಸ್ ಪೀಸು. ಒಂದೇ ಅಂಗಡಿ, ಒಂದೇ ದಿನದ ಖರೀದಿ. ಅರ್ಧ ಕೆಂಪು, ಅರ್ಧ ನೀಲಿ. ಅಂಗಡಿಯವನು ಉಳಿದದ್ದನ್ನೆಲ್ಲ ಅಮ್ಮನಿಗೆ ದಾಟಿಸಿದ್ದ. ಮನೆಗೆ ಬಂದ ಹೆಂಗಸನ್ನು ಅರಿಸಿನ ಕುಂಕುಮ, ಬ್ಲೌಸ್ ಪೀಸು ಕೊಡದೆ ಕಳಿಸಿದರೆ ಅಮ್ಮನಿಗೆ ಆ ದಿನ ಊಟ ಸೇರುವುದಿಲ್ಲ.

"ಏನಿದು?" ಎಂದ ಅಧಿಕಾರಿ.

"ಬ್ಲೌಸ್ ಪೀಸ್" ಎಂದಳು ಅಮ್ಮ.

"ಬ್ಲೌಸ್ ಎಲ್ಲಿ?"

ಅಮ್ಮ ನನ್ನನ್ನು ನೋಡಿದಳು. "ಅವ್ರವ್ರೇ ಹೊಲಿಸ್ಕೋಬೇಕು ಅಂತ ಹೇಳೇ."

ನಾನು ಅನುವಾದ ಮಾಡಿದೆ: ಇವು ಇನ್ನೂ ಅಂಗಿಯಾಗದ ಅಂಗಿಗಳು, ನಮಗೆ ಇನ್ನೂ ಪರಿಚಯವಾಗದ ಹೆಂಗಸರಿಗೆ. ಅಧಿಕಾರಿ ನನ್ನನ್ನು ನೋಡಿದ, ಅಮ್ಮನನ್ನು ನೋಡಿದ, ಚಟ್ನಿಪುಡಿಯನ್ನು ವಾಪಸು ಇಟ್ಟ. ಅವನಿಗೆ ನಮ್ಮ ಮೇಲೆ ಅನುಮಾನ ಹೋಗಿ ಕನಿಕರ ಬಂದಿತ್ತು.

ಸಮಾಮಿಶ್, ಮನೆಯೊಳಗೆ

ಸಮಾಮಿಶ್ ಎಂದರೆ ಗುಡ್ಡದ ಮೇಲೆ ಮನೆಗಳು. ಮನೆ, ಮನೆ, ಮರ, ಮನೆ. ಅಂಗಡಿ ಇಲ್ಲ, ಬಸ್ ಸ್ಟ್ಯಾಂಡ್ ಇಲ್ಲ, ಸುಮ್ಮನೆ ಕೂತು ಹೋಗುವವರನ್ನು ನೋಡೋಣವೆಂದರೆ ಹೋಗುವವರೂ ಇಲ್ಲ. ನಾಯಿ ಹಿಡಿದುಕೊಂಡು ನಡೆದರೆ ಮನುಷ್ಯ, ನಾಯಿ ಇಲ್ಲದೆ ನಡೆದರೆ ಕಿಟಕಿಗಳೆಲ್ಲ ನೋಡುತ್ತವೆ. ಕಾರು ಓಡಿಸಲು ಬಾರದವರು ಇಲ್ಲಿ ಅಲಮಾರಿನೊಳಗಿನ ಬೊಂಬೆಗಳು. ಚಿಕ್ಕಪ್ಪ ಬೆಳಿಗ್ಗೆ ಕಾರು ತೆಗೆದುಕೊಂಡು ಕರ್ಕ್‌ಲ್ಯಾಂಡಿನ ಆಫೀಸಿಗೆ ಹೊರಟರೆ ಚಿಕ್ಕಮ್ಮ ಊರುಗೋಲಿನ ಬೊಂಬೆ, ಅಮ್ಮ ಒಗ್ಗರಣೆಯ ಬೊಂಬೆ, ನಾನು ಅಲಂಕಾರಕ್ಕೆ.

ಚಿಕ್ಕಮ್ಮನ ಮಗಳು ಇಂಚರ. ಒಂಬತ್ತು ವರ್ಷ. ಕನ್ನಡದಲ್ಲಿ ಏನು ಹೇಳಿದರೂ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಊಟ ಮಾಡ್ತೀಯಾ ಕಂದ?" ಎಂದು ಅಮ್ಮ, "ನಾಟ್ ಹಂಗ್ರಿ ದೊಡ್ಡಮ್ಮ" ಎಂದು ಅವಳು. ಇಬ್ಬರೂ ಸುಖವಾಗಿದ್ದರು. ಒಂದೇ ವಿಚಿತ್ರವೆಂದರೆ, ಎಷ್ಟು ಸೆಖೆಯಾದರೂ ಆ ಹುಡುಗಿ ಕತ್ತಿನವರೆಗೆ ಮುಚ್ಚುವ ಅಂಗಿಯನ್ನೇ ಹಾಕುತ್ತಿದ್ದಳು. ಅಮ್ಮನಿಗೆ ಅದು ಬಹಳ ಹಿಡಿಸಿತು. "ಅಮೆರಿಕಾದಲ್ಲಿ ಹುಟ್ಟಿದ್ರೂ ಎಷ್ಟು ಮರ್ಯಾದೆ ನೋಡು" ಎಂದು ನನ್ನ ತೋಳಿಲ್ಲದ ಅಂಗಿಯ ಕಡೆ ನೋಡುತ್ತ ಹೇಳುತ್ತಿದ್ದಳು.

ಮೂರನೇ ದಿನ ಎದುರುಮನೆಯ ಮಿಸ್ ಲೊರೇನ್ ಬಂದರು. ಕಪ್ಪು ಜನರ ಮನೆ ಆ ಬೀದಿಯಲ್ಲಿ ಅವರದೊಂದೇ. ವಯಸ್ಸು ಅರವತ್ತೆಂಟು, ನಿವೃತ್ತ ನರ್ಸು. ಅದೂ ಮಾತ್ರೆ ಕೊಡುವ ನರ್ಸಲ್ಲ. ಹೃದಯದ ಆಪರೇಷನ್ ಕೋಣೆಯಲ್ಲಿ ಸರ್ಜನ್ ಬಾಯಿ ತೆರೆಯುವ ಮೊದಲೇ ಕತ್ತರಿ ಕೈಗಿಡುವ ನರ್ಸು. ಕಾಲು ಮುರಿದವಳಿಗೆಂದು ಪೀಚ್ ಹಣ್ಣಿನ ಸಿಹಿ ತಂದಿದ್ದರು. ಅಮ್ಮ ಅವರನ್ನು ಕೂರಿಸಿ, ಕುಂಕುಮ ಇಟ್ಟು, ಕೆಂಪು ಬ್ಲೌಸ್ ಪೀಸು ಕೈಗಿಟ್ಟಳು. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು, ತುಂಬ ಚೆನ್ನಾಗಿದೆ ಎಂದರು. ಏನಕ್ಕೆ ಎಂದು ಕೇಳಲಿಲ್ಲ. ಹೋಗುವಾಗ ನನಗೆ, ಶನಿವಾರ ಗ್ಯಾರೇಜಿಗೆ ಬಾ, ಬೀದಿಯ ಮಕ್ಕಳಿಗೆ ಪಾಠ ಮಾಡುತ್ತೇನೆ, ಹೃದಯ ಅರ್ಧ ಗಂಟೆ, ಕಪ್ಪು ಜನರ ಚರಿತ್ರೆ ಅರ್ಧ ಗಂಟೆ, ಎಂದರು.

"ಎರಡೂ ಒಟ್ಟಿಗೆ ಯಾಕೆ?" ಎಂದೆ.

"ನಾನು ಮೂವತ್ತೆರಡು ವರ್ಷ ಎರಡನ್ನೂ ಒಂದೇ ಕೋಣೇಲಿ ನೋಡಿದೀನಿ" ಎಂದರು.

ಅವರು ಮಾತಾಡಿದ್ದು ಇಂಗ್ಲಿಷಿನಲ್ಲಿ. ನಾನು ಕನ್ನಡಕ್ಕೆ ಇಳಿಸುತ್ತಿದ್ದೇನೆ. ಇಳಿಸುವಾಗ ಸ್ವಲ್ಪ ಸೇರಿಕೊಂಡಿದ್ದರೆ ಅದು ದಾರಿ ಖರ್ಚು.

ಮೊದಲ ಶನಿವಾರ, ಎದುರುಮನೆಯ ಗ್ಯಾರೇಜು

ಮಕ್ಕಳು ಎಂಟು ಜನ, ಮಾತೆಲ್ಲ ಇಂಗ್ಲಿಷು. ಇಂಚರ ಒಬ್ಬಳು. ಇನ್ನೊಬ್ಬ ಕ್ರಿಶ್, ಆರು ವರ್ಷದ ತೆಲುಗು ಹುಡುಗ, ಅವನ ದೇಹದ ಮುಕ್ಕಾಲು ಪಾಲು ಪ್ರಶ್ನೆ. ಮಧ್ಯದ ಮೇಜಿನ ಮೇಲೆ ಪ್ಲಾಸ್ಟಿಕ್ ಹೃದಯ. ಅದರ ಕೆಳಗೆ ಮೇಜುಬಟ್ಟೆಯಾಗಿ ಹಾಸಿದ್ದ ಕೆಂಪು ಬಟ್ಟೆಯನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಅಮ್ಮನ ಬ್ಲೌಸ್ ಪೀಸು. ಅಮ್ಮನಿಗೆ ಹೇಳುವುದು ಬೇಡವೆಂದು ಆಗಲೇ ತೀರ್ಮಾನಿಸಿದೆ.

"ಹೃದಯದ ಬಗ್ಗೆ ಯಾರಿಗೆ ಗೊತ್ತು?" ಎಂದರು ಮಿಸ್ ಲೊರೇನ್.

ನಾನು ಎದ್ದು ನಿಂತೆ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಬರೆದವರಲ್ಲಿ ಯಾರನ್ನು ನಿದ್ದೆಯಿಂದ ಎಬ್ಬಿಸಿ ಪೆನ್ಸಿಲ್ ಕೊಟ್ಟರೂ ಹೃದಯದ ಚಿತ್ರ ಬಿಡಿಸುತ್ತಾರೆ. ನಮ್ಮ ಟ್ಯೂಷನ್ನಿನಲ್ಲಿ ಗಡಿಯಾರ ಇಟ್ಟು ಬಿಡಿಸುತ್ತಿದ್ದೆವು. ನನ್ನ ದಾಖಲೆ ಎರಡು ನಿಮಿಷ ನಲವತ್ತು ಸೆಕೆಂಡು, ಶೇಡಿಂಗ್ ಸಮೇತ. ಬೋರ್ಡಿನ ಮೇಲೆ ಬಿಡಿಸಿದೆ. ಹೃತ್ಕರ್ಣ, ಹೃತ್ಕುಕ್ಷಿ, ಮಹಾಪಧಮನಿ, ಎಲ್ಲಕ್ಕೂ ಸ್ಕೇಲ್ ಇಟ್ಟ ಹಾಗೆ ಗೆರೆ. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಪ್ರಶಸ್ತಿ ಸ್ವೀಕರಿಸುವವಳ ಹಾಗೆ ಕತ್ತು ಬಾಗಿಸಿದೆ.

"ಅಕ್ಕಾ, ಬಲಗಡೆ ಇರೋದಕ್ಕೆ ಯಾಕೆ ಎಡ ಅಂತ ಬರ್ದಿದೀಯಾ?" ಎಂದ ಕ್ರಿಶ್.

"ನಮ್ ಕಡೆ ಹಾಗೇ."

"ನಿಮ್ ಕಡೆ ಹಾರ್ಟ್ ಉಲ್ಟಾನಾ?"

ಮಿಸ್ ಲೊರೇನ್ ಮುಖ ಗಂಭೀರವಾಗಿಟ್ಟುಕೊಂಡು, "ಚಿತ್ರ ತುಂಬಾ ಚೆನ್ನಾಗಿದೆ. ಈಗ ರಕ್ತ ಇಲ್ಲಿಂದ ಎಲ್ಲಿಗೆ ಹೋಗತ್ತೆ ಹೇಳು" ಎಂದರು.

"ಅದು ಬೇರೆ ಪ್ರಶ್ನೆ ಮಿಸ್. ಚಿತ್ರ ಬಿಡಿಸಿ ಭಾಗ ಗುರುತಿಸಿ ಅಂದ್ರೆ ಚಿತ್ರ ಅಷ್ಟೇ. ರಕ್ತ ಹೋಗೋದು ಈ ಸಲ ಬರಲ್ಲ ಅಂದಿದ್ರು, ಅದಕ್ಕೆ ಬಿಟ್ಟಿದ್ದೆ."

ಅವರು ಸ್ಟೂಲಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ನನ್ನ ಭುಜ ಹಿಡಿದು ಬೋರ್ಡಿನ ಎದುರು ನಿಲ್ಲಿಸಿದರು. "ಇದು ನಿನ್ನ ಹೃದಯ ಅಲ್ಲ. ನಿನ್ನ ಎದುರಿಗೆ ಮುಖ ಮಾಡಿ ನಿಂತಿರೋರದು. ಅವರ ಎಡ ನಿನ್ನ ಬಲಕ್ಕೆ ಬರತ್ತೆ."

ನಾನು ಎರಡು ವರ್ಷ ಆ ಹೃದಯ ಬಿಡಿಸಿದ್ದೇನೆ. ಅದರ ಹಿಂದೆ ಒಬ್ಬ ಮನುಷ್ಯ ನನ್ನನ್ನೇ ನೋಡುತ್ತ ನಿಂತಿದ್ದಾನೆ ಎಂದು ಒಂದು ದಿನವೂ ಹೊಳೆದಿರಲಿಲ್ಲ.

ಶಿಕ್ಷೆಯಾಗಿ, ಮುಂದಿನ ವಾರ ರಕ್ತದ ದಾರಿಯನ್ನು ಮಕ್ಕಳಿಗೆ ನಾನೇ ಕಲಿಸಬೇಕು ಎಂದರು.

ಎರಡನೇ ಶನಿವಾರ, ಅರಸೀಕೆರೆ ಜಂಕ್ಷನ್

ಅಪ್ಪನಿಗೆ ವಿಡಿಯೊ ಕಾಲ್ ಮಾಡಿದೆ. ಅಪ್ಪ ಅರಸೀಕೆರೆ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್; ಯಾವ ರೈಲು ಯಾವ ಹಳಿಗೆ ತಿರುಗಬೇಕೋ ಅದು ಅವರ ಕೆಲಸ. ನಾನು ಹೃದಯದ ಚಿತ್ರವನ್ನು ಕ್ಯಾಮೆರಾಗೆ ಹಿಡಿದೆ. ಅಪ್ಪ ಕನ್ನಡಕ ಏರಿಸಿ, "ನಾಲ್ಕು ಪ್ಲಾಟ್‌ಫಾರ್ಮು, ಮಧ್ಯ ಗೇಟು. ಇದ್ರಲ್ಲೇನಿದೆ? ರಕ್ತಾನೋ ರೈಲೋ, ಎದುರುಬದುರು ಬರಬಾರ್ದು ಅಷ್ಟೇ" ಎಂದರು.

ಅಷ್ಟೇ ಸಾಕಾಯಿತು. ಗ್ಯಾರೇಜಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಜಂಕ್ಷನ್ ಬರೆದೆ. ದಣಿದ ರೈಲು ದೇಹದಿಂದ ಒಂದನೇ ಪ್ಲಾಟ್‌ಫಾರ್ಮಿಗೆ ಬರುತ್ತದೆ. ಗೇಟು ದಾಟಿ ಎರಡನೆಯದು. ಅಲ್ಲಿಂದ ಗಾಳಿ ತುಂಬಿಸಿಕೊಳ್ಳಲು ತಿಪಟೂರಿಗೆ, ಅಂದರೆ ಶ್ವಾಸಕೋಶಕ್ಕೆ. ತಿಪಟೂರಿನಿಂದ ಮೂರನೆಯದಕ್ಕೆ, ಗೇಟು ದಾಟಿ ನಾಲ್ಕನೆಯದು, ನಾಲ್ಕರಿಂದ ಬೆಂಗಳೂರು ಮೇನ್ ಲೈನು. ಮಕ್ಕಳೇ ರೈಲು. ದಣಿದ ರೈಲಿಗೆ ನೀಲಿ, ಗಾಳಿ ತುಂಬಿದ ರೈಲಿಗೆ ಕೆಂಪು. ನೀಲಿ, ಕೆಂಪು ಎಲ್ಲಿಂದ ಬಂತು ಎಂದು ಕೇಳಬೇಡಿ. ಅಮ್ಮನ ಪೆಟ್ಟಿಗೆಯಲ್ಲಿ ಹನ್ನೊಂದು ಉಳಿದಿದ್ದವು. ಬೆಳಿಗ್ಗೆ ಸ್ನಾನದ ಟವೆಲಿನೊಳಗೆ ಸುತ್ತಿ ತಂದೆ, ಸಂಜೆ ಮಡಿಸಿ ಅಲ್ಲೇ ಇಟ್ಟೆ. ಇದನ್ನು ಕಳ್ಳತನ ಎನ್ನುವುದಿಲ್ಲ, ಗ್ರಂಥಾಲಯ ಎನ್ನುತ್ತಾರೆ.

ಮಕ್ಕಳು ಕೂಗುತ್ತ ಓಡಿದರು. ಸಮಾಮಿಶ್‌ನ ಎಂಟು ಮಕ್ಕಳಿಗೆ ಈಗ ತಿಪಟೂರು ಗೊತ್ತು. ಮಿಸ್ ಲೊರೇನ್ ಒಂದೇ ತಿದ್ದುಪಡಿ ಹೇಳಿದರು: "ಆಟಕ್ಕೆ ನೀಲಿ ಇರ್ಲಿ. ಆದ್ರೆ ನೆನಪಿಟ್ಕೊಳ್ಳಿ, ಮೂವತ್ತೆರಡು ವರ್ಷದಲ್ಲಿ ಎಲ್ಲಾ ಥರದ ಜನರ ಎದೆ ತೆರೆದಿದ್ದು ನೋಡಿದೀನಿ. ನೀಲಿ ರಕ್ತ ಯಾರದ್ದೂ ಇಲ್ಲ. ದಣಿದಿದ್ರೂ ಕೆಂಪೇ, ಸ್ವಲ್ಪ ಕಪ್ಪಾಗಿರತ್ತೆ."

ಆಮೇಲೆ ಚರಿತ್ರೆಯ ಅರ್ಧ ಗಂಟೆ. ಅವರು ಸ್ಟೂಲಿನ ಮೇಲೆ ಕೈಯಿಟ್ಟು ಕಥೆ ಹೇಳಿದರು. ಒಂದು ಕಾಲದಲ್ಲಿ ಕೆಲವು ಮಕ್ಕಳು ನೀಲಿಯಾಗಿ ಹುಟ್ಟಿ, ನೀಲಿಯಾಗಿಯೇ ಸಾಯುತ್ತಿದ್ದರು. ತಿಪಟೂರಿಗೆ ಹೋಗುವ ಹಳಿ ಕಿರಿದು. ಎರಡನೇ, ನಾಲ್ಕನೇ ಪ್ಲಾಟ್‌ಫಾರ್ಮುಗಳ ನಡುವಿನ ಗೋಡೆಯಲ್ಲಿ ತೂತು. ದಣಿದ ರೈಲು ಗಾಳಿಯಿಲ್ಲದೆ ಮೇನ್ ಲೈನಿಗೆ ಹೋಗಿಬಿಡುತ್ತಿತ್ತು. ಮೇನ್ ಲೈನಿನಿಂದ ತಿಪಟೂರಿಗೆ ಒಂದು ಲೂಪ್ ಲೈನು, ಅಂದರೆ ಸುತ್ತುದಾರಿ, ಎಳೆಯುವುದನ್ನು ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಮಾಡಿ ಕೈ ಪಳಗಿಸಿಕೊಂಡವನು ಒಬ್ಬ ಕಪ್ಪು ಮನುಷ್ಯ. ಬಡಗಿಯ ಕೆಲಸ ಗೊತ್ತಿದ್ದವನು. ವೈದ್ಯನಾಗಲು ಆಸೆಪಟ್ಟು, ಓದಲು ಆಗದೇಹೋದವನು. ಕೆಲಸದ ಪಟ್ಟಿಯಲ್ಲಿ ಅವನನ್ನು ಕಸ ಗುಡಿಸುವವರ ಸಾಲಿನಲ್ಲಿ ಬರೆದಿದ್ದರು. ಮೊದಲ ಮಗುವಿನ ಆಪರೇಷನ್ನಿನ ದಿನ ದೊಡ್ಡ ಸರ್ಜನ್ನು ಅವನನ್ನು ಕರೆಸಿ ತನ್ನ ಹಿಂದೆ ಸ್ಟೂಲಿನ ಮೇಲೆ ನಿಲ್ಲಿಸಿಕೊಂಡರು. ಅವನು ಭುಜದ ಮೇಲಿಂದ ಬಗ್ಗಿ ನೋಡುತ್ತ, ಹೀಗಲ್ಲ, ಹಾಗೆ, ಎಂದು ಹೇಳುತ್ತಾ ಹೋದ. ಮಗುವಿನ ತುಟಿ ಕೆಂಪಾಯಿತು.

"ಹೆಸರೇನು?" ಎಂದ ಕ್ರಿಶ್.

ಅವರು ಹೇಳಲಿಲ್ಲ. ಹುಡುಕಿಕೊಂಡು ಬನ್ನಿ, ಹುಡುಕಿದ ಹೆಸರು ಮರೆಯುವುದಿಲ್ಲ ಎಂದರು. ಹುಡುಕಿದೆವು. ನೀವೂ ಹುಡುಕಿ, ನಾನೂ ಹೇಳುವುದಿಲ್ಲ.

ತಮ್ಮದೂ ಒಂದು ಹೇಳಿದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ರೋಗಿ ಅವರನ್ನು ನೋಡಿ, ನಿಜವಾದ ನರ್ಸನ್ನು ಕರೆ ಎಂದನಂತೆ.

"ನೀವೇನ್ಮಾಡಿದ್ರಿ?"

"ಆಚೆ ಹೋಗಿ ಹತ್ತು ಎಣಿಸ್ದೆ. ನಾನೇ ವಾಪಸ್ ಬಂದು, ಬಂದಿದೀನಿ ಹೇಳಿ ಅಂದೆ."

ನಕ್ಕು ಮುಗಿಯುವ ಮೊದಲೇ ಕ್ರಿಶ್ ನನ್ನ ಕಡೆ ತಿರುಗಿದ. "ಅಕ್ಕಾ, ಇಂಡಿಯಾದಲ್ಲಿ ಹಿಂಗೆಲ್ಲಾ ಇದ್ಯಾ?"

"ಇಲ್ಲ" ಎಂದೆ, ತಕ್ಷಣ.

ಸುಳ್ಳು ಹೇಳುವುದರಲ್ಲಿ ನನಗೆ ಒಳ್ಳೆಯ ಅನುಭವವಿದೆ. ಆದರೆ ಹೇಳಿದ ಕೂಡಲೇ ಒಂದು ಲೋಟ ನೆನಪಾಯಿತು. ಅಜ್ಜಿ ಮನೆಯ ಹಿತ್ತಲ ಗೋಡೆಯ ಮೇಲೆ ಒಂದು ಸ್ಟೀಲ್ ಲೋಟ ಸದಾ ಬೋರಲಾಗಿರುತ್ತದೆ. ಹಿತ್ತಲು ಗುಡಿಸುವ ನಿಂಗಮ್ಮನದು. ಅವಳು ಬರುವುದು ಪಕ್ಕದ ಓಣಿಯಿಂದ; ಕಾಫಿ ಹೊಯ್ಯುವುದು ಮೇಲಿನಿಂದ. ಮುಂದಿನ ಶನಿವಾರ ಅದನ್ನು ಮಕ್ಕಳಿಗೆ ಹೇಳಿದೆ. ಕ್ರಿಶ್ "ಯಾಕೆ?" ಎಂದ. ಅದೂ ಯಾವ ಪ್ರಶ್ನೆಪತ್ರಿಕೆಯಲ್ಲೂ ಬಂದಿರಲಿಲ್ಲ.

ಮೇಲಿನ ಕೋಣೆ

ಸ್ಟೂಲಿನ ಕಥೆ ಕೇಳಿದ ಸಂಜೆ ಇಂಚರ ಮೂಲೆಯಲ್ಲಿ ಕೂತಿದ್ದಳು. ನಾನು ಮಾತ್ರ, ಹೃದಯದ ವಿಷಯದಲ್ಲಿ ಈ ಮನೆಯಲ್ಲಿ ನನ್ನ ಮುಂದೆ ಯಾರೂ ಇಲ್ಲ ಎಂದು ಹಾಸಿಗೆಯ ಮೇಲೆ ನಿಂತು ಭಾಷಣ ಮಾಡುತ್ತಿದ್ದೆ. ಅವಳು ಅಂಗಿಯ ಕತ್ತನ್ನು ಕೆಳಗೆಳೆದಳು.

"ಮೈನ್ ಈಸ್ ರಿಪೇರ್ಡ್" ಎಂದಳು.

ಎದೆಯ ನಟ್ಟನಡುವೆ ಸಣ್ಣ ಬಿಳಿ ಗೆರೆ. ನಕ್ಷೆಯಲ್ಲಿ ರೈಲುದಾರಿ ಬರೆದ ಹಾಗೆ. ನಾನು ಹಾಸಿಗೆಯಿಂದ ಇಳಿದೆ.

ಹುಟ್ಟಿದಾಗ ಅವಳೂ ನೀಲಿ. ಎರಡು ವಾರಕ್ಕೆ ಲೂಪ್ ಲೈನು, ಆರು ತಿಂಗಳಿಗೆ ಪೂರ್ತಿ ರಿಪೇರಿ. ನಾನು ಕೆಳಗೆ ಓಡಿ ಚಿಕ್ಕಮ್ಮನನ್ನು ಅಡುಗೆಮನೆಯ ಮೂಲೆಗೆ ತಳ್ಳಿದೆ. ಅಮ್ಮ ಪಕ್ಕದ ಕೋಣೆಯಲ್ಲಿ ಫೋನಿನಲ್ಲಿ ಧಾರಾವಾಹಿ ನೋಡುತ್ತಿದ್ದಳು.

"ಅಕ್ಕಂಗೆ ಗೊತ್ತಿಲ್ಲ ಪೂರ್ವಿ" ಎಂದಳು ಚಿಕ್ಕಮ್ಮ ಪಿಸುದನಿಯಲ್ಲಿ.

"ಒಂಬತ್ತು ವರ್ಷದಿಂದಾನಾ?"

"ಆಗ ಹೇಳಿದ್ರೆ ಅಲ್ಲಿ ಎಲ್ರೂ ಅಳ್ತಾ ಕೂರ್ತಿದ್ರು, ನಾನಿಲ್ಲಿ ಆಸ್ಪತ್ರೆ ಕಾರಿಡಾರಲ್ಲಿ ನಿಂತು ಅವರನ್ನ ಸಮಾಧಾನ ಮಾಡ್ಬೇಕಿತ್ತು. ಮಗು ಹುಷಾರಾದ್ಮೇಲೆ ಹೇಳೋಣ ಅಂದ್ಕೊಂಡೆ. ಹುಷಾರಾದ್ಮೇಲೆ, ಈಗ್ಯಾಕೆ ಹೇಳ್ಬೇಕು ಅನ್ನಿಸ್ತು. ಈಗ ಹೇಳಿದ್ರೆ ಕಾಯಿಲೆ ವಿಷಯಕ್ಕಲ್ಲ ಕಣೇ, ಮುಚ್ಚಿಟ್ಟಿದ್ದಕ್ಕೆ ಅಕ್ಕ ನನ್ನ ಮುಖ ನೋಡಲ್ಲ."

ಇಂಚರ ಮೆಟ್ಟಿಲ ಮೇಲೆ ಬಂದು ನಿಂತಿದ್ದಳು. ಶಾಲೆಯಲ್ಲಿ ಅವಳು ಈಜಲು ಹೋಗುವುದಿಲ್ಲ; ನೀರಿಗೆ ಹೆದರುವ ಹುಡುಗಿ ಎಂದು ಎಲ್ಲರೂ ರೇಗಿಸುತ್ತಾರಂತೆ. ಕೊನೆಯ ಶನಿವಾರದ ಆಟದಲ್ಲಿ ಆ ಸ್ಟೂಲಿನ ಮೇಲೆ ತಾನೇ ನಿಂತು, ತನ್ನ ಕಥೆಯನ್ನು ತಾನೇ ಹೇಳಬೇಕು, ಒಂದೇ ಸಲ, ಎಂದಳು. "ಐ ವಾಂಟ್ ಟು ಟೆಲ್ ಇಟ್, ಅಮ್ಮಾ."

ಚಿಕ್ಕಮ್ಮ ಊರುಗೋಲನ್ನು ಆ ಕೈಯಿಂದ ಈ ಕೈಗೆ ಬದಲಿಸಿದಳು. "ಮಕ್ಕಳ ಮುಂದೆ ಹೇಳು. ಆದ್ರೆ ಅಕ್ಕ ಅಲ್ಲಿ ಕಾಲಿಡಬಾರ್ದು." ನನ್ನ ಕಡೆ ತಿರುಗಿದಳು. "ಅದು ನಿನ್ನ ಡ್ಯೂಟಿ."

ಬಾಥೆಲ್ ಕಡೆಗೆ

ಚಿಕ್ಕಮ್ಮನ ಕಾಲಿಗೆ ಅರ್ಚನೆ ಮಾಡಿಸಬೇಕೆಂದು ಅಮ್ಮ ಹಟ ಹಿಡಿದಳು. ಚಿಕ್ಕಪ್ಪನಿಗೆ ಆ ಭಾನುವಾರವೂ ಕೆಲಸ. ಮಿಸ್ ಲೊರೇನ್ ತಾವೇ ಕಾರು ತೆಗೆದರು. ಅಮ್ಮ ಮುಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತಿದಳು. ಬಾಥೆಲ್ ಹತ್ತಿರದ ದೇವಸ್ಥಾನ ತಲುಪುವಷ್ಟರಲ್ಲಿ ಮುರಿದ ಕಾಲುಗಳ ಲೆಕ್ಕಕ್ಕೆ ಅಮ್ಮನದೂ ಸೇರುವುದರಲ್ಲಿತ್ತು.

ಅರ್ಚಕರು ಒಬ್ಬೊಬ್ಬರದೇ ಹೆಸರು, ಗೋತ್ರ ಕೇಳಿದರು. "ಲೊರೇನ್ ಅಂತ, ನಮ್ ಎದುರುಮನೆಯವ್ರು" ಎಂದಳು ಅಮ್ಮ.

"ಗೋತ್ರ?"

ಅಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ. "ನಮ್ದೇ ಹಾಕಿ."

ಹೀಗೆ ಮಿಸ್ ಲೊರೇನ್ ಐದು ಸೆಕೆಂಡಿನಲ್ಲಿ ನಮ್ಮ ಗೋತ್ರಕ್ಕೆ ಬಂದರು. ನಂತರ ಇಂಚರಳ ಸರದಿ. "ಈ ಮಗುಗೇನೂ ತೊಂದ್ರೆ ಇಲ್ಲ. ಹುಟ್ಟಿದಾಗಿಂದ ಒಂದು ಶೀತ ನೆಗಡಿ ಇಲ್ಲ, ದೇವರ ದಯೆ. ಹಿಂಗೇ ಇರ್ಲಿ ಅಂತ ಮಾಡಿ" ಎಂದಳು ಅಮ್ಮ. ಇಂಚರ ನನ್ನ ಕೈಯನ್ನು ಮೂಳೆ ಸದ್ದಾಗುವ ಹಾಗೆ ಹಿಡಿದಳು.

ವಾಪಸು ಬರುವಾಗ ನಾನು ಮೆಲ್ಲಗೆ ಕೇಳಿದೆ: "ಅಮ್ಮಾ, ನಿಂಗಮ್ಮಂಗೂ ನಮ್ ಗೋತ್ರ ಕೊಡ್ತೀಯಾ?"

ಅಮ್ಮ ಸೀಟ್ ಬೆಲ್ಟ್ ಎಳೆದು ಸರಿಮಾಡಿಕೊಂಡಳು. "ಸುಮ್ನೆ ಕೂತ್ಕೊ" ಎಂದಳು. ಆಮೇಲೆ ಬ್ರೇಕು ಒತ್ತುವುದನ್ನೂ ಮರೆತಳು.

ಕೊನೆಯ ಶನಿವಾರ

ನನ್ನ ಯೋಜನೆ ದೋಷವಿಲ್ಲದ್ದು. ಹತ್ತು ಜನಕ್ಕೆ ಒಬ್ಬಟ್ಟು ಮಾಡು, ಕೊನೆಯ ದಿನ ಎಲ್ಲರಿಗೂ ಹಂಚೋಣ, ಎಂದು ಅಮ್ಮನನ್ನು ಹುರಿದುಂಬಿಸಿದೆ. ಒಬ್ಬಟ್ಟೆಂದರೆ ಬೇಳೆ ಬೇಯಬೇಕು, ಹೂರಣ ರುಬ್ಬಬೇಕು, ಕಣಕ ನೆನೆಯಬೇಕು. ಮಧ್ಯಾಹ್ನ ಪೂರ್ತಿ ಅಮ್ಮ ಒಲೆಗೆ ಕಟ್ಟಿದ ಹಾಗೆ. ಹನ್ನೊಂದು ಬ್ಲೌಸ್ ಪೀಸುಗಳನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಟೆ. ಬಾಗಿಲಲ್ಲಿ ಚಿಕ್ಕಮ್ಮ ನನಗೆ ಹೆಬ್ಬೆರಳು ತೋರಿಸಿದಳು.

ಗ್ಯಾರೇಜಿನ ಬಾಗಿಲು ಪೂರ್ತಿ ಮೇಲೆತ್ತಿತ್ತು. ರೈಲುಗಳು ಹೊರಟವು. ಒಂದು ಸುತ್ತು ಸರಿಯಾಗಿ ಓಡಿದ ಮೇಲೆ ನಾನು ತಿಪಟೂರಿನ ಹಳಿಯನ್ನು ಕಾಲಿನಿಂದ ಅರ್ಧ ಅಳಿಸಿದೆ, ಗೋಡೆಯಲ್ಲಿ ತೂತು ಬರೆದೆ. ನೀಲಿ ರೈಲುಗಳು ನೀಲಿಯಾಗಿಯೇ ಮೇನ್ ಲೈನಿಗೆ ಹೋಗತೊಡಗಿದವು. ಇಂಚರ ನೀಲಿ ಬ್ಲೌಸ್ ಪೀಸು ಹೊದ್ದು ಸ್ಟೂಲು ಹತ್ತಿದಳು. ಮಿಸ್ ಲೊರೇನ್ ಅದರ ಕಾಲನ್ನು ಹಿಡಿದು ನಿಂತರು. ಲೂಪ್ ಲೈನು ಎಳೆದಾದ ಮೇಲೆ ಅವಳ ನೀಲಿ ತೆಗೆದು ಕೆಂಪು ಹೊದಿಸುವುದು, ಅಲ್ಲಿಗೆ ಆಟ ಮುಗಿಯುವುದು, ಎಂದು ಮಾತಾಗಿತ್ತು.

ಅವಳು ಶುರುಮಾಡಿದಳು. ದನಿ ಮೊದಲು ಇಲಿಯಷ್ಟು, ಆಮೇಲೆ ಬೆಕ್ಕಿನಷ್ಟು. ತಾನು ನೀಲಿಯಾಗಿ ಹುಟ್ಟಿದ್ದು, ಅಪ್ಪ ಕೆಲಸಕ್ಕೆ ಹೋಗದೆ ಹನ್ನೊಂದು ದಿನ ಗಾಜಿನಾಚೆ ನಿಂತದ್ದು, ಅಮ್ಮ ಯಾರಿಗೂ ಫೋನ್ ಮಾಡದೆ ಇದ್ದದ್ದು. ಕ್ರಿಶ್ ಜೀವನದಲ್ಲಿ ಮೊದಲ ಸಲ ಪ್ರಶ್ನೆ ಕೇಳಲಿಲ್ಲ.

ಅತ್ತ ಚಿಕ್ಕಮ್ಮನ ಮನೆಯಲ್ಲಿ ಆಗುತ್ತಿದ್ದದ್ದು ನನಗೆ ಆಮೇಲೆ ತಿಳಿಯಿತು. ಚಿಕ್ಕಮ್ಮನ ಕಾಲು ನೋಡಲು ಕರ್ಕ್‌ಲ್ಯಾಂಡಿನಿಂದ ಮಂಗಳೂರಿನ ಗ್ರೇಸ್ ಆಂಟಿ ಹೇಳದೇ ಕೇಳದೇ ಬಂದಿದ್ದರು. ಅಮ್ಮ ಒಲೆ ಸಣ್ಣ ಮಾಡಿ, ಕುಂಕುಮದ ತಟ್ಟೆ ಹಿಡಿದು, ಪೆಟ್ಟಿಗೆ ತೆರೆದಳು. ಪೆಟ್ಟಿಗೆಯಲ್ಲಿ ಚಟ್ನಿಪುಡಿ ಮಾತ್ರ ಇತ್ತು. ಅಮ್ಮ ಎದ್ದು ನಿಂತು ಕಿಟಕಿಯಾಚೆ ನೋಡಿದಳು. ಎದುರಿನ ಗ್ಯಾರೇಜಿನಲ್ಲಿ ತನ್ನ ಬ್ಲೌಸ್ ಪೀಸುಗಳು ಕಾಲು ಬಂದು ಓಡಾಡುತ್ತಿದ್ದವು.

ಗ್ಯಾರೇಜಿನ ಬಾಗಿಲಲ್ಲಿ ನೆರಳು ಬಿತ್ತು. ಅಮ್ಮ. ಕೈ ತುಂಬ ಮೈದಾ.

"ಪೂರ್ವೀ. ಗ್ರೇಸ್ ಬಂದು ಕೂತಿದಾರೆ. ಮನೆಗೆ ಬಂದ ಹೆಂಗಸನ್ನ ಬರೀ ಕುಂಕುಮ ಕೊಟ್ಟು ಕಳಿಸ್ಲಾ ನಾನು?" ಎಂದವಳ ಕಣ್ಣು ಒಳಗೆ ಹೋಯಿತು. ಸ್ಟೂಲಿನ ಮೇಲೆ ಇಂಚರ. ಬೋರ್ಡಿನ ಮೇಲೆ ಹೃದಯ. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ನಾನು ಊರೆಲ್ಲ ಹೇಳಿದ್ದೇನೆ, ಆದರೆ ಹಾಸ್ಪಿಟಲ್, ಸರ್ಜರಿ, ಬೇಬಿ ಎನ್ನುವ ಮೂರು ಮಾತು ಯಾರಿಗಾದರೂ ಅರ್ಥವಾಗುತ್ತವೆ. "ಏನ್ ಹೇಳ್ತಿದಾಳೆ ಮಗು?"

ನಾನು ಆ ಕ್ಷಣಕ್ಕೆಂದೇ ಹುಟ್ಟಿದವಳು. "ನಾಟಕ ಅಮ್ಮ. ಕಾಯಿಲೆ ಹುಡುಗಿ ಪಾರ್ಟು. ಚೆನ್ನಾಗಿ ಮಾಡ್ತಾಳಲ್ವಾ?"

ಅಮ್ಮನ ಭುಜ ಇಳಿಯಿತು. "ನಾಟಕಾನಾ? ನನ್ನ ಎದೆ ಒಡ್ದುಹೋಯ್ತು" ಎಂದು ನಕ್ಕಳು. ಎಲ್ಲ ಸರಿಹೋಯಿತು. ಇಷ್ಟು ಒಳ್ಳೆಯ ಸುಳ್ಳನ್ನು ನಾನು ಹಿಂದೆಂದೂ ಹೇಳಿರಲಿಲ್ಲ. ರಸ್ತೆಯ ಆಚೆ ಊರುಗೋಲಿನ ಮೇಲೆ ಓಡಿಬಂದ ಚಿಕ್ಕಮ್ಮ ಅಂಗಳದಲ್ಲೇ ನಿಂತಿದ್ದಳು. ಇಂಚರ ಸುಮ್ಮನೆ ತಲೆಯಾಡಿಸಿದ್ದರೆ ಮುಗಿಯುತ್ತಿತ್ತು.

ಅವಳು ನನ್ನನ್ನು ನೋಡಿದಳು. ಮಿಸ್ ಲೊರೇನರನ್ನು ನೋಡಿದಳು. ಅವರು ಸ್ಟೂಲನ್ನು ಇನ್ನೂ ಸ್ವಲ್ಪ ಬಿಗಿಯಾಗಿ ಹಿಡಿದುಕೊಂಡರು, ಅಷ್ಟೇ.

"ನಾಟಕ ಅಲ್ಲ ದೊಡ್ಡಮ್ಮ" ಎಂದಳು ಇಂಚರ.

ಅವಳು ಒಂದು ಪೂರ್ತಿ ವಾಕ್ಯ ಕನ್ನಡದಲ್ಲಿ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಒಂದೊಂದೇ ಪದವನ್ನು ಎತ್ತರದ ಕಪಾಟಿನಿಂದ ಇಳಿಸುವ ಹಾಗೆ ಮುಂದುವರಿಸಿದಳು. "ನಾನು ನೀಲಿ ಇದ್ದೆ. ಡಾಕ್ಟರ್ ಓಪನ್ ಮಾಡಿದ್ರು. ಈಗ ಚೆನ್ನಾಗಿದೀನಿ. ಅಮ್ಮ ಹೇಳಿಲ್ಲ, ನೀವು ಅಳ್ತೀರ ಅಂತ." ಅಂಗಿಯ ಕತ್ತನ್ನು ಕೆಳಗೆಳೆದಳು.

ಅಮ್ಮ ಅಳಲಿಲ್ಲ. ಸೀಮೆಸುಣ್ಣದ ಹಳಿಗಳನ್ನೆಲ್ಲ ತುಳಿದುಕೊಂಡು, ಗೇಟಿನ ಮೇಲೂ ಗೋಡೆಯ ಮೇಲೂ ನಡೆದುಕೊಂಡು, ಒಂದನೇ ಪ್ಲಾಟ್‌ಫಾರ್ಮಿನಿಂದ ನಾಲ್ಕಕ್ಕೆ ನೇರವಾಗಿ ಬಂದಳು.

"ಇಳಿ. ಮೊದ್ಲು ಅದ್ರಿಂದ ಇಳಿ, ಬೀಳ್ತೀಯ."

ತಾನೇ ಎತ್ತಿ ಇಳಿಸಿದಳು. ಆ ಗೆರೆಯ ಮೇಲೆ ಕೈಯಿಟ್ಟಳು. ಇಂಚರಳ ಎದೆಯ ಮೇಲೆ ಐದು ಬೆರಳೂ ಮೈದಾದಲ್ಲಿ ಮೂಡಿದವು. ಪಕ್ಕದಲ್ಲಿದ್ದ ಕ್ರಿಶ್‌ನ ಹೆಗಲಿನಿಂದ ಕೆಂಪು ಬ್ಲೌಸ್ ಪೀಸನ್ನು ಕಿತ್ತುಕೊಂಡು ಮುಖ ಮೂಗು ಎಲ್ಲ ಒರೆಸಿಕೊಂಡಳು. ಹಾಗಾದರೆ ಅತ್ತಿದ್ದಳು. ಆಮೇಲೆ ಇಂಚರಳನ್ನು ಮೇಲಿಂದ ಕೆಳಗೆ ನೋಡಿ, "ಯಾರು ಮಗುಗೆ ಇದನ್ನ ಹೊದ್ಸಿದ್ದು? ಈ ಬಣ್ಣ ಇವಳಿಗೆ ಒಪ್ಪಲ್ಲ" ಎಂದು ನೀಲಿಯನ್ನು ತೆಗೆದು ಎಸೆದು, ಕೈಯಲ್ಲಿದ್ದ ಕೆಂಪನ್ನು ಹೊದಿಸಿದಳು.

ಆಟದ ನಿಯಮ ಅಮ್ಮನಿಗೆ ಯಾರೂ ಹೇಳಿರಲಿಲ್ಲ. ಮಕ್ಕಳು ಬಾಯಿ ಬಿಟ್ಟು ನೋಡಿದರು. ಮಿಸ್ ಲೊರೇನ್ ಖಾಲಿಯಾದ ಸ್ಟೂಲಿನ ಮೇಲೆ ಮೆಲ್ಲಗೆ ಕೂತರು.

"ಕ್ಲಾಸ್ ಓವರ್" ಎಂದಳು ಅಮ್ಮ, ಇಂಗ್ಲಿಷಿನಲ್ಲಿ. "ಎಲ್ಲಾ ಬನ್ನಿ, ಒಬ್ಬಟ್ಟು ಸೀದು ಹೋಗತ್ತೆ." ಮಿಸ್ ಲೊರೇನರ ಕಡೆ ತಿರುಗಿ, "ನೀವೂ" ಎಂದಳು. ಆಗ ಕಣ್ಣು ಮೇಜಿನ ಮೇಲೆ ಬಿತ್ತು. ಪ್ಲಾಸ್ಟಿಕ್ ಹೃದಯ, ಅದರ ಕೆಳಗಿನ ಬಟ್ಟೆ. ಅಮ್ಮ ಅದರ ಸುಕ್ಕನ್ನು ಕೈಯಿಂದ ಸವರಿ ಸರಿಮಾಡಿದಳು.

ಇಂಚರಳ ಕೈ ಹಿಡಿದು ರಸ್ತೆ ದಾಟಿದಳು. ರೈಲುಗಳಿಗೆ ನಿಲ್ಲಿ ಎಂದು ಯಾರೂ ಹೇಳಿರದ ಕಾರಣ ಅವು ಒಂದರ ಹಿಂದೆ ಒಂದು ಹಿಂಬಾಲಿಸಿದವು. ಅಂಗಳದಲ್ಲಿ ಊರುಗೋಲಿನ ಮೇಲೆ ಚಿಕ್ಕಮ್ಮ ಅಳುತ್ತಾ ನಿಂತಿದ್ದಳು. ಅಮ್ಮ ಅವಳನ್ನು ದಾಟಿ ಹೋಗಲಿಲ್ಲ. ಎದುರು ನಿಂತು, "ನಮ್ಮೋರು ಯಾರೂ ಇಲ್ದೆ ನಿಂತಿದ್ಯಾ ಅಷ್ಟೂ ದಿನ? ಒಂದು ಫೋನ್ ಮಾಡಕ್ಕೆ ಏನಾಗಿತ್ತು ನಿಂಗೆ ರೋಗ?" ಎಂದಳು. ಬೈಗುಳ ಅಲ್ಲಿಂದ ಶುರುವಾಗಿ ಬಹಳ ದೂರ ಹೋಗುವುದಿತ್ತು, ಆದರೆ ಅಷ್ಟರಲ್ಲಾಗಲೇ ಚಿಕ್ಕಮ್ಮನ ತಲೆ ಅಮ್ಮನ ಹೆಗಲ ಮೇಲಿತ್ತು.

ನಾನು ಟವೆಲು ಹಿಡಿದುಕೊಂಡು, ಯಾರಿಗೂ ಕಾಣದ ಹಾಗೆ, ಬಾಗಿಲ ಸಂದಿಯಲ್ಲಿ ಒಳಗೆ ನುಸುಳುತ್ತಿದ್ದೆ. ಅಮ್ಮ ತಿರುಗಿಯೂ ನೋಡಲಿಲ್ಲ.

"ನಿಂದು ಆಮೇಲಿದೆ" ಎಂದಳು.